ನಗೆಗಾರನ ಆತ್ಮಕಥೆಯಲ್ಲಿ ನಗದ ರಾತ್ರಿಗಳೂ ಇರಬೇಕು

ಹಾಸ್ಯ ಕಲಾವಿದರ ಆತ್ಮಕಥೆಯ ಹಸ್ತಪ್ರತಿಗಳಲ್ಲಿ ಒಂದು ವಾಕ್ಯ ಪದೇ ಪದೇ ಎದುರಾಗುತ್ತದೆ: ‘ಸಭೆ ನಗೆಗಡಲಲ್ಲಿ ತೇಲಿತು.’ ಅದು ಬಂದಲ್ಲೆಲ್ಲ ಕಥೆ ನಿಂತುಬಿಡುತ್ತದೆ. ಯಾವ ಮಾತಿಗೆ ನಕ್ಕರು? ಹಿಂದಿನ ಊರಿನಲ್ಲಿ ಅದೇ ಮಾತಿಗೆ ಯಾಕೆ ನಗಲಿಲ್ಲ? ನಡುವೆ ಏನು ತಿದ್ದಿದಿರಿ? ಓದುಗನಿಗೆ ಬೇಕಾದದ್ದು ಈ ಕಸುಬಿನ ಲೆಕ್ಕ.

ಆ ಲೆಕ್ಕವನ್ನು ಚೊಕ್ಕವಾಗಿ ಒಪ್ಪಿಸಿದವರು ಅಮೆರಿಕದ ಹಾಸ್ಯನಟ ಸ್ಟೀವ್ ಮಾರ್ಟಿನ್. 2007ರಲ್ಲಿ ಬಂದ ಅವರ ‘ಬಾರ್ನ್ ಸ್ಟ್ಯಾಂಡಿಂಗ್ ಅಪ್’ ಇನ್ನೂರು ಪುಟದ ಆಸುಪಾಸಿನ ಪುಸ್ತಕ. ಸಿನಿಮಾ ಬದುಕಿಗೆ ಅದರಲ್ಲಿ ಹೆಚ್ಚು ಜಾಗವಿಲ್ಲ. ವೇದಿಕೆಯ ಮೇಲೆ ಒಬ್ಬರೇ ನಿಂತು ನಗಿಸಿದ 18 ವರ್ಷಗಳೇ ಅದರ ವಸ್ತು. ಹತ್ತು ವರ್ಷ ಕಲಿಕೆ, ನಾಲ್ಕು ವರ್ಷ ತಿದ್ದುಪಡಿ, ನಾಲ್ಕು ವರ್ಷ ಅಬ್ಬರದ ಯಶಸ್ಸು ಎಂದು ಆರಂಭದಲ್ಲೇ ಹಂಚಿಕೊಡುತ್ತಾರೆ. ಈ ಅಳತೆಯನ್ನು ಗಮನಿಸಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಯಶಸ್ಸಿಗೆ ಮುಕ್ಕಾಲು ಪುಸ್ತಕ ಹೋಗುತ್ತದೆ, ಕಲಿಕೆ ‘ಕಷ್ಟದ ದಿನಗಳು’ ಎಂಬ ಒಂದೇ ಅಧ್ಯಾಯಕ್ಕೆ ಮುಗಿಯುತ್ತದೆ.

ಹತ್ತನೇ ವಯಸ್ಸಿಗೆ ಡಿಸ್ನಿಲ್ಯಾಂಡಿನಲ್ಲಿ ಕೈಪಿಡಿ ಮಾರಿದ್ದು, ಆಮೇಲೆ ಅಲ್ಲಿನ ಜಾದೂ ಅಂಗಡಿಯಲ್ಲಿ ದುಡಿದದ್ದು ಅವರ ಪುಸ್ತಕದಲ್ಲಿ ಬರೀ ನೆನಪಾಗಿ ಉಳಿಯುವುದಿಲ್ಲ. ಕೈಚಳಕ, ಗಿರಾಕಿಯ ಕಣ್ಣನ್ನು ಬೇರೆಡೆಗೆ ತಿರುಗಿಸುವುದು, ಒಂದೇ ಮಾತನ್ನು ದಿನವಿಡೀ ಹೇಳಿದರೂ ಹೊಸದೆನಿಸುವಂತೆ ಹೇಳುವುದು, ಇವೆಲ್ಲ ಮುಂದೆ ವೇದಿಕೆಗೆ ಬರುತ್ತವೆ. ಜೋಕಿನ ಕೊನೆಗೆ ಪಂಚ್ ಇಟ್ಟು ‘ಈಗ ನಗಿ’ ಎಂದು ಸೂಚನೆ ಕೊಡುವುದನ್ನೇ ಬಿಟ್ಟರೆ ಏನಾದೀತು ಎಂಬ ಪ್ರಶ್ನೆಯನ್ನು ಅವರು ವರ್ಷಗಟ್ಟಲೆ ಪ್ರಯೋಗಿಸಿ ನೋಡಿದರು. ಬಿಳಿ ಸೂಟು ಹಾಕಿದ್ದು ಕೂಡ ಕಾರಣವಿಟ್ಟೇ: ದೊಡ್ಡ ಸಭಾಂಗಣದ ಕೊನೆಯ ಸಾಲಿನವರಿಗೂ ಆಳು ಕಾಣಬೇಕು. ಪ್ರತಿ ವಿವರದ ಹಿಂದೆ ಕಾರಣ ಇರುವುದರಿಂದಲೇ, 1981ರಲ್ಲಿ ವೇದಿಕೆ ಬಿಟ್ಟದ್ದು ಓದುಗನಿಗೆ ಅರ್ಥವಾಗುತ್ತದೆ. ಸಾವಿರಾರು ಜನ ಮೊದಲೇ ನಗಲು ಸಿದ್ಧರಾಗಿ ಬಂದಾಗ ಪ್ರಯೋಗಕ್ಕೆ ಜಾಗ ಉಳಿದಿರಲಿಲ್ಲ.

ಚಾರ್ಲಿ ಚಾಪ್ಲಿನ್ 1964ರ ಆತ್ಮಕಥೆಯಲ್ಲಿ ಲಂಡನ್ನಿನ ಬಾಲ್ಯವನ್ನು ಅದ್ಭುತವಾಗಿ ಬರೆದಿದ್ದಾರೆ. ಆಲ್ಡರ್‌ಶಾಟ್‌ನ ವೇದಿಕೆಯಲ್ಲಿ ತಾಯಿಯ ದನಿ ಒಡೆದಾಗ ಐದು ವರ್ಷದ ಹುಡುಗ ಹೋಗಿ ಹಾಡುವ ಪ್ರಸಂಗವನ್ನು ಮರೆಯಲಾಗದು. ಮುಂದೆ ಗಣ್ಯರ ಹೆಸರುಗಳು ಹೆಚ್ಚುತ್ತವೆ, ಸಿನಿಮಾದ ದೃಶ್ಯ ಕಟ್ಟಿದ ಬಗೆಯ ವಿವರ ತೆಳುವಾಗುತ್ತದೆ. ಅಷ್ಟು ದೊಡ್ಡ ಕಲಾವಿದನಿಂದ ನಮಗೆ ಸಿಗಬೇಕಾಗಿದ್ದದ್ದು ಅದೇ ಅಲ್ಲವೇ ಎಂದು ಸಂಕಟವಾಗುತ್ತದೆ.

ಬರೆಯಲು ಕೂರುವ ಮೊದಲು ಐದು ಕಾಲಂಗಳ ಪಟ್ಟಿ ಮಾಡಿಕೊಳ್ಳಿ: ದಿನಾಂಕ, ಊರು, ಜಾಗ (ಬಯಲೋ, ಸಭಾಂಗಣವೋ), ಪ್ರೇಕ್ಷಕರ ಅಂದಾಜು, ಆ ದಿನ ಬದಲಾಯಿಸಿದ ಮಾತು. ಕರಪತ್ರ, ರಸೀದಿ, ಬಸ್ ಟಿಕೆಟ್, ಪತ್ರಗಳಿಂದ ತುಂಬಿಸಿ. ನೆನಪನ್ನು ಕೊನೆಗೆ ಸೇರಿಸಿ. ನೂರಾರು ಸಲ ಹೇಳಿದ ಪ್ರಸಂಗ ಹೇಳಿ ಹೇಳಿ ನಯವಾಗಿರುತ್ತದೆ, ಎರಡು ಊರಿನ ಘಟನೆ ಒಂದಾಗಿರುತ್ತದೆ. ಬೇರೆಯವರು ಕೇಳಿ ಬರೆದುಕೊಳ್ಳುವುದಾದರೆ ಒಂದು ಕೂಟ 90 ನಿಮಿಷ ಮೀರದಿರಲಿ. ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಇಳಿಸುವಾಗ ಮೌನವನ್ನೂ ಗುರುತು ಮಾಡಿ. ಹಾಸ್ಯಗಾರನ ಅರ್ಧ ಕಸುಬು ಅಲ್ಲೇ ಇದೆ.

ಕನ್ನಡದಲ್ಲಿ ಜೋಕು ಸಾಯುವುದು ಹೆಚ್ಚಾಗಿ ವಾಕ್ಯರಚನೆಯಲ್ಲಿ. ನಮ್ಮ ಬರವಣಿಗೆಯಲ್ಲಿ ಕ್ರಿಯಾಪದ ಕೊನೆಗೆ, ಅದರ ಮೇಲೆ ‘ಎಂದು ಹೇಳಿದರು’. ಆಡುಮಾತು ಹಾಗಲ್ಲ. ನಾಟಕ ಹೇಗಿತ್ತು ಗೌಡ್ರೇ ಎಂದು ಕೇಳಿದರೆ ಗೌಡರು ಅನ್ನುವುದು: ‘ಚೆನ್ನಾಗಿತ್ತು ಬಿಡಿ, ಕರೆಂಟು ಹೋದಾಗ.’ ಇದನ್ನೇ ತಿದ್ದುವವರು ‘ಕರೆಂಟು ಹೋದಾಗ ಚೆನ್ನಾಗಿತ್ತು ಎಂದು ಗೌಡರು ನಗುತ್ತಾ ಹೇಳಿದರು’ ಎಂದು ಮಾಡುತ್ತಾರೆ. ವ್ಯಾಕರಣ ನೆಟ್ಟಗಾಯಿತು, ನಗು ಹೋಯಿತು. ಅಚ್ಚರಿಯ ಪದ ಮೊದಲೇ ಬಂದುಬಿಟ್ಟಿತು, ಬಾಲಕ್ಕೆ ನಾಲ್ಕು ಪದ ಅಂಟಿಕೊಂಡವು, ‘ನಗುತ್ತಾ’ ಎಂಬುದು ಓದುಗನ ಕೆಲಸವನ್ನು ಕಿತ್ತುಕೊಂಡಿತು. ಯಾರು ಹೇಳಿದರೆಂಬುದನ್ನು ಮಾತಿನ ಮುಂಚೆಯೇ ಹೇಳಿ ಮುಗಿಸಿ, ಅಚ್ಚರಿಯ ಪದದ ಮೇಲೆ ಪೂರ್ಣವಿರಾಮ ಹಾಕಿ. ಧಾರವಾಡದ ಮಾತನ್ನೋ ಮಂಡ್ಯದ ಮಾತನ್ನೋ ಗ್ರಾಂಥಿಕಕ್ಕೆ ತಿರುಗಿಸಬೇಡಿ; ನಿರೂಪಣೆ ಶಿಷ್ಟವಾಗಿದ್ದರೂ ಸಂಭಾಷಣೆ ಅವರದೇ ಬಾಯಲ್ಲಿರಲಿ.

ಮನೆಯವರ ಬಗ್ಗೆ, ನಾಟಕ ಕಂಪನಿಯ ಜಗಳಗಳ ಬಗ್ಗೆ ಬರೆಯುವಾಗ ಕೈ ತಡೆಯುತ್ತದೆ. ಮಾರ್ಟಿನ್ ತಂದೆಯ ವಿಷಯವನ್ನು ನಿಭಾಯಿಸಿದ ರೀತಿ ಇಲ್ಲಿ ನೆರವಿಗೆ ಬರುತ್ತದೆ. ಮಗ ಟೀವಿಯಲ್ಲಿ ಕಾಣಿಸಿಕೊಂಡಾಗ ತಂದೆ ತಮ್ಮ ವೃತ್ತಿಸಂಘದ ಸುದ್ದಿಪತ್ರದಲ್ಲಿ ಅದನ್ನು ಹಳಿದು ಬರೆದಿದ್ದರು. ಮಗ ಆ ಸಂಗತಿಯನ್ನು ಇಟ್ಟು, ದೂರನ್ನು ಬೆಳೆಸದೆ ಮುಂದೆ ಸಾಗುತ್ತಾರೆ. ಸಾವಿನ ಹಾಸಿಗೆಯ ಬಳಿ ಇಬ್ಬರೂ ಆಡಿದ ಮಾತಿಗೆ ಜಾಗ ಉಳಿಸಿಕೊಂಡಿರುತ್ತಾರೆ.

ನಮ್ಮ ವೃತ್ತಿ ರಂಗಭೂಮಿಯ ಹಾಸ್ಯಗಾರರಿಗೆ ಇನ್ನೊಂದು ತೊಡಕಿದೆ. ಅವರ ನಗು ಮುದ್ರಿತ ನಾಟಕದಲ್ಲಿ ಇರುವುದಿಲ್ಲ. ‘ಸದಾರಮೆ’ಯ ಕಳ್ಳನಾಗಿ ಗುಬ್ಬಿ ವೀರಣ್ಣನವರು ಆಡಿದ್ದೆಲ್ಲ ಹಾಳೆಯ ಮೇಲೆ ಸಿಗುವುದಿಲ್ಲ, ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ದಲ್ಲಿ ಅಂದಂದಿನ ರಾಜಕೀಯವೇ ಸಂಭಾಷಣೆಯಾಗುತ್ತಿತ್ತು. ಇಂಥ ಪ್ರದರ್ಶನ ನೆನಪಿಸಿಕೊಳ್ಳಲು ಆ ಊರಿನ ಆ ವಾರದ ಪತ್ರಿಕೆಗಳನ್ನು ಗ್ರಂಥಾಲಯದಲ್ಲಿ ತೆಗೆಸಿ ಓದಿ. ತಲೆಬರಹ ಕಂಡ ಕೂಡಲೇ ಮರೆತ ಮಾತು ಮರಳುವುದುಂಟು. ಹಳೆಯ ಕ್ಯಾಸೆಟ್ ಇದ್ದರೆ ಮತ್ತೆ ಮತ್ತೆ ಹಾಕಿ ಕೇಳಬೇಡಿ, ಬೂಸ್ಟು ಹಿಡಿದ ಟೇಪು ಹರಿಯುತ್ತದೆ. ಮೊದಲು ಡಿಜಿಟಲ್ ಪ್ರತಿ ಮಾಡಿಸಿ. ಧ್ವನಿಮುದ್ರಣವೇ ಇಲ್ಲದಿದ್ದರೆ ಸಹನಟರಿಗಿಂತ ಮೊದಲು ಆಗ ತಬಲಾ ನುಡಿಸುತ್ತಿದ್ದವರನ್ನು ಹುಡುಕಿ. ಸಹನಟನಿಗೆ ತನ್ನ ಮಾತು ನೆನಪಿರುತ್ತದೆ. ತಬಲಾದವರು ಪ್ರತಿ ಆಟವನ್ನೂ ಪಕ್ಕದಲ್ಲೇ ಕೂತು ನೋಡಿದವರು. ನಗೆ ಎಲ್ಲಿ ಏಳುತ್ತಿತ್ತು, ಎಷ್ಟು ಹೊತ್ತು ಕಾದು ಪೆಟ್ಟು ಹಾಕಬೇಕಿತ್ತು ಎಂಬುದನ್ನು ಅವರ ಬೆರಳು ಇನ್ನೂ ಮರೆತಿರುವುದಿಲ್ಲ.