ಮೀನಿಗೂ ಲೆನ್ಸಿಗೂ ನಡುವಿನ ನೀರು

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗಿ ಬಂದವರು ಮೆಮೊರಿ ಕಾರ್ಡ್ ಹಿಡಿದು ನಮ್ಮ ಹುಬ್ಬಳ್ಳಿ ಸ್ಟುಡಿಯೋಗೆ ಬರುತ್ತಾರೆ. ಬಂದವರೇ ಕೇಳುತ್ತಾರೆ: "ಸರ್, ಫೋಟೋ ಎಲ್ಲಾ ನೀಲಿ ಬಂದಾವ್ರಿ. ಕ್ಯಾಮೆರಾ ಕೆಟ್ಟೈತೇನ್ರಿ?"

ಕ್ಯಾಮೆರಾ ಕೆಟ್ಟಿರುವುದಿಲ್ಲ. ನೀರು ಬೆಳಕಿನಲ್ಲಿರುವ ಕೆಂಪನ್ನು ಮೊದಲು ನುಂಗುತ್ತದೆ. 5 ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಹೋಗಿರುತ್ತದೆ. ಆಮೇಲೆ ಕಿತ್ತಳೆ, ಹಳದಿ. ತಲೆ ಮೇಲಿನ ನೀರಷ್ಟೇ ಅಲ್ಲ, ಮೀನಿನಿಂದ ಲೆನ್ಸ್‌ವರೆಗಿನ ನೀರೂ ಬಣ್ಣ ತಿನ್ನುತ್ತದೆ. ಅದಕ್ಕೇ ಜೂಮ್ ಮುಟ್ಟಬೇಡಿ ಅನ್ನುತ್ತೇನೆ. ವೈಡ್ ಲೆನ್ಸ್ ಹಾಕಿ, ಮೀನು ಬೆದರದಂತೆ ನಿಧಾನವಾಗಿ ಹತ್ತಿರ ಹೋಗಿ. ಇಲ್ಲೊಂದು ಮೋಸವಿದೆ. ಮಾಸ್ಕ್ ಒಳಗಿಂದ ನೋಡಿದರೆ 1 ಮೀಟರ್ ದೂರದ ಮೀನು ಮುಕ್ಕಾಲು ಮೀಟರ್‌ನಲ್ಲೇ ಇದ್ದಂತೆ ಕಾಣುತ್ತದೆ. ಸಾಕಷ್ಟು ಹತ್ತಿರ ಬಂದೆ ಅನ್ನಿಸಿದಾಗ ಇನ್ನೂ ಸ್ವಲ್ಪ ಹೋಗಬೇಕು. ಹವಳ ಮಾತ್ರ ಮುಟ್ಟಲೇಬಾರದು.

ಕ್ಯಾಮೆರಾದ ಸ್ವಂತ ಫ್ಲ್ಯಾಶ್ ಆರಿಸಿಡಿ. ನೀರಿನಲ್ಲಿ ತೇಲುವ ಕಣಗಳ ಮೇಲೆ ನೇರ ಬೆಳಕು ಬಿದ್ದರೆ ಫೋಟೋ ತುಂಬಾ ಬಿಳಿ ಚುಕ್ಕೆ. ಬೇರೆ ಸ್ಟ್ರೋಬ್, ಅಂದರೆ ಕ್ಯಾಮೆರಾದ ಹೊರಗೆ ಜೋಡಿಸುವ ಫ್ಲ್ಯಾಶ್ ಇದ್ದರೆ, ಅದರ ತೋಳು ಚಾಚಿ ಲೆನ್ಸಿನಿಂದ ದೂರ ಇಡಿ, ಅದರ ಮುಖವನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ. ಸ್ಟ್ರೋಬ್ ಇಲ್ಲದಿದ್ದರೆ 'ರಾ' ಫೈಲ್‌ನಲ್ಲಿ, ಅಂದರೆ ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ಫೈಲ್‌ನಲ್ಲಿ ತೆಗೆಯಿರಿ, ಬಣ್ಣ ಸರಿಮಾಡಲು ಜಾಗ ಜಾಸ್ತಿ ಸಿಗುತ್ತದೆ.

ಇನ್ನು ಹೌಸಿಂಗ್, ಅಂದರೆ ನೀರು ತಾಗದಂತೆ ಕ್ಯಾಮೆರಾ ಕೂರಿಸುವ ಗಟ್ಟಿ ಡಬ್ಬಿ. ಅದರ ಜೀವ ಒಂದು ತೆಳು ರಬ್ಬರ್ ಬಳೆಯಲ್ಲಿದೆ, ಓ-ರಿಂಗ್. ನನ್ನ ಮೊದಲ ಕ್ಯಾಮೆರಾ ಹೋಗಿದ್ದು ಒಂದು ಹತ್ತಿ ಎಳೆಯಿಂದ. ಮನೆಯಲ್ಲಿ ಅಂಗಿಯ ತುದಿಯಿಂದಲೇ ರಿಂಗ್ ಒರೆಸಿದ್ದೆ. ನೀರಿಗಿಳಿದು ಸ್ವಲ್ಪ ಹೊತ್ತಿಗೆ ಗಾಜಿನ ಹಿಂದೆ ನೀರು ತುಳುಕುತ್ತಿತ್ತು. ಮೇಲೆ ಬಂದು ತೆಗೆದರೆ ರಿಂಗ್ ಮೇಲೆ ಅಡ್ಡಲಾಗಿ ಕೂದಲಿಗಿಂತ ಸಣ್ಣ ಬಿಳಿ ದಾರ. ಅವತ್ತು ಬಹಳ ಸಂಕಟವಾಯಿತು.

ಈಗ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಕೂರುತ್ತೇನೆ. ನಮ್ಮೂರ ಧೂಳು ನಿಮಗೆ ಗೊತ್ತೇ ಇದೆಯಲ್ವಾ! ರಿಂಗನ್ನು ಬೆರಳಿನಿಂದಲೇ ಬಿಡಿಸಿ, ಕಣ್ಣು ಮುಚ್ಚಿ ಸುತ್ತಲೂ ಸವರುತ್ತೇನೆ. ಕಣ್ಣಿಗೆ ಕಾಣದ ಮರಳು ಬೆರಳಿಗೆ ಸಿಗುತ್ತದೆ. ಕಂಪನಿ ಹೇಳಿದ ಗ್ರೀಸ್ ಮಿರುಗುವಷ್ಟು ಸಾಕು; ಮೆತ್ತಿದರೆ ಅದೇ ಧೂಳು ಹಿಡಿಯುತ್ತದೆ. ಆಮೇಲೆ ಖಾಲಿ ಹೌಸಿಂಗ್ ಒಳಗೆ ಟಿಶ್ಯೂ ಪೇಪರ್ ಇಟ್ಟು ಮುಚ್ಚಿ, ಬಕೆಟ್ ನೀರಲ್ಲಿ ಅರ್ಧ ಗಂಟೆ ಅದುಮಿಡುತ್ತೇನೆ. ಪೇಪರ್ ಒಣಗಿದ್ದರೆ ಮಾತ್ರ ಕ್ಯಾಮೆರಾ ಒಳಗೆ ಹೋಗುತ್ತದೆ.