ಒಂದೇ ಮೇಜಿನ ಮೇಲೆ ಎರಡು ಬೆರಳು

ಕಳೆದ ದಸರೆಯ ಒಂದು ಭಾನುವಾರ ರಾತ್ರಿ ಎಂಟು ಗಂಟೆಗೆ ಮೈಸೂರಿನ ಒಂದು ಹೋಟೆಲಿನ ಬಾಗಿಲಲ್ಲಿ ನಾವು ಆರು ಮಂದಿ ನಿಂತಿದ್ದೆವು. ದೀಪಾಲಂಕಾರ ನೋಡಲೆಂದು ಮಂಡ್ಯದಿಂದ ಬಂದಿದ್ದ ಸೋದರತ್ತೆ, ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಮತ್ತು ನಾನು. ಸಂಜೆ ಐದು ಗಂಟೆಗೇ ಮೊಬೈಲಿನಲ್ಲಿ ಮೇಜು ಕಾಯ್ದಿರಿಸಿದ್ದೆ. ಹಸಿರು ಗುರುತು ಬಂದಿತ್ತು, ಸಂದೇಶವೂ ಬಂದಿತ್ತು. ಆದರೆ ಕಿಟಕಿಯ ಪಕ್ಕದ ಆ ಮೇಜಿನಲ್ಲಿ ಬೇರೊಂದು ಕುಟುಂಬ ಆಗಲೇ ಸೂಪು ಮುಗಿಸಿ ರೊಟ್ಟಿಗೆ ಕಾಯುತ್ತಿತ್ತು, ಮತ್ತು ಅವರೂ ಕಾಯ್ದಿರಿಸಿಯೇ ಬಂದವರಾಗಿದ್ದರು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಭಾನುವಾರ ಐದು ಗಂಟೆಗೆ ಬುಕ್ ಮಾಡಿದ್ದೀಯಲ್ಲೋ, ರಾಹುಕಾಲ ಅನ್ನೋ ಜ್ಞಾನ ಬೇಡವೇ?’ ಎಂದರು. ಭಾವನವರದು ಆಧುನಿಕ ಮೂಢನಂಬಿಕೆ: ಆ್ಯಪಿನವರು ಹೆಚ್ಚು ದುಡ್ಡು ಕೊಟ್ಟವರಿಗೆ ನಮ್ಮ ಮೇಜನ್ನು ಮಾರಿಕೊಂಡಿದ್ದಾರೆ ಎಂಬುದು ಅವರ ತೀರ್ಮಾನ.

ಈ ಎರಡು ವಿವರಣೆಗಳಲ್ಲಿ ಯಾವುದೂ ಸರಿಯಲ್ಲವೆಂದು ಅಲ್ಲಿಯೇ ಹೇಳಹೊರಟೆ. ಹಸಿದವರ ಮುಂದೆ ಉಪನ್ಯಾಸ ನಡೆಯುವುದಿಲ್ಲವಾದ್ದರಿಂದ ಆಗ ಸುಮ್ಮನಾಗಿ, ಈಗ ಬರೆಯುತ್ತಿದ್ದೇನೆ.

ಹೋಟೆಲನ್ನು ಹುಡುಕುವ ಭಾಗದಲ್ಲಿ ಹೆಚ್ಚು ಹೊತ್ತು ನಿಲ್ಲುವ ಅಗತ್ಯವಿಲ್ಲ. ಆಕಾಶದಿಂದ ಉಪಗ್ರಹವೊಂದು ನಮ್ಮನ್ನು ನೋಡುತ್ತಿರುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ವಾಸ್ತವದಲ್ಲಿ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಿಗೆ ನೀವು ದೇವರಾಜ ಅರಸು ರಸ್ತೆಯಲ್ಲಿದ್ದೀರೋ ಪಾಂಡವಪುರದಲ್ಲಿದ್ದೀರೋ ತಿಳಿಯುವುದೇ ಇಲ್ಲ. ಅವು ತಾವೆಲ್ಲಿದ್ದೇವೆ ಮತ್ತು ತಮ್ಮ ಗಡಿಯಾರದಲ್ಲಿ ಎಷ್ಟು ಗಂಟೆ ಎಂಬುದನ್ನಷ್ಟೇ ಸಾರುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ಎಷ್ಟೆಷ್ಟು ತಡವಾಗಿ ತಲುಪಿದವು ಎಂಬುದನ್ನು ಲೆಕ್ಕ ಹಾಕಿ ತನ್ನ ಜಾಗವನ್ನು ಕಂಡುಕೊಳ್ಳುವುದು ನಿಮ್ಮ ಕೈಯಲ್ಲಿರುವ ಫೋನೇ. ಆ ಜಾಗವನ್ನು ಆ್ಯಪಿಗೆ ಒಪ್ಪಿಸುವುದೂ ಫೋನೇ ಹೊರತು ಉಪಗ್ರಹವಲ್ಲ. ಅಲ್ಲಿಂದ ಮುಂದೆ ಹತ್ತಿರದ ಹೋಟೆಲುಗಳ ಪಟ್ಟಿ ತೆಗೆಯುವುದು ಸಾಮಾನ್ಯ ಲೆಕ್ಕ, ಏಕೆಂದರೆ ಹೋಟೆಲು ಇವತ್ತು ಇದ್ದಲ್ಲಿ ನಾಳೆಯೂ ಇರುತ್ತದೆ.

ಮೇಜು ಖಾಲಿ ಇದೆಯೇ ಎಂಬುದು ಹಾಗಲ್ಲ. ಅದು ಕ್ಷಣಕ್ಷಣಕ್ಕೂ ಬದಲಾಗುವ ಸಂಗತಿ, ಮತ್ತು ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಸ್ವಾರಸ್ಯವೆಲ್ಲ ಇಲ್ಲಿಯೇ ಅಡಗಿದೆ. ‘ಒಂದು ಮೇಜು ಲಭ್ಯ’ ಎಂಬ ಅಕ್ಷರಗಳು ನಿಮ್ಮ ಪರದೆಯ ಮೇಲೆ ಮೂಡುವ ಹೊತ್ತಿಗೆ ಅವು ಹಳೆಯ ಸುದ್ದಿಯಾಗಿರುತ್ತವೆ. ಆ್ಯಪಿನ ಸರ್ವರು, ಅಂದರೆ ಎಲ್ಲರ ಕೋರಿಕೆಗಳಿಗೂ ಉತ್ತರ ಕೊಡುವ ದೂರದ ಕಂಪ್ಯೂಟರು, ಮುಂಬೈಯಲ್ಲಿದೆ ಎಂದುಕೊಂಡರೆ, ಗಾಜಿನ ಎಳೆಯೊಳಗೆ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ವೇಗದಲ್ಲಿ ಓಡುವ ಬೆಳಕಿಗೂ ಮೈಸೂರಿನಿಂದ ಅಲ್ಲಿಗೆ ಹೋಗಿ ಬರಲು ಎಂಟು ಮಿಲಿಸೆಕೆಂಡಾದರೂ ಬೇಕು. ನಡುವೆ ಬರುವ ಟವರು, ಸ್ವಿಚ್ಚು, ರೂಟರುಗಳು ಅದನ್ನು ಹಲವು ಪಟ್ಟು ಹಿಗ್ಗಿಸುತ್ತವೆ. ಅದರ ಮೇಲೆ ನೀವು ‘ಎಂಟಕ್ಕೋ ಎಂಟೂವರೆಗೋ’ ಎಂದು ಮನೆಯವರನ್ನು ಕೇಳಿಕೊಂಡು ಬರುವ ಎರಡು ನಿಮಿಷ ಬೇರೆ. ರಾತ್ರಿ ಚಾಮುಂಡಿ ಬೆಟ್ಟದ ಮೇಲೆ ನಿಂತು ನೋಡುವ ನಕ್ಷತ್ರ ಈಗ ಇದೆಯೋ ಇಲ್ಲವೋ ಹೇಳಲಾಗದು, ಕಾಣುವುದು ಅದು ಹಿಂದೆಂದೋ ಕಳಿಸಿದ ಬೆಳಕು. ಪರದೆಯ ಖಾಲಿ ಮೇಜೂ ಅಂಥದ್ದೇ.

ಈಗ ಅದೇ ಎರಡು ನಿಮಿಷದಲ್ಲಿ ಕುವೆಂಪುನಗರದ ಒಬ್ಬರು ಮತ್ತು ವಿಜಯನಗರದ ಒಬ್ಬರು ಅದೇ ಕೊನೆಯ ಮೇಜನ್ನು ನೋಡುತ್ತಿದ್ದಾರೆ ಎಂದು ಭಾವಿಸಿ. ಇಬ್ಬರ ಪರದೆಯಲ್ಲೂ ಅದು ಖಾಲಿ, ಇಬ್ಬರೂ ಬೆರಳು ಒತ್ತುತ್ತಾರೆ. ಪ್ರೋಗ್ರಾಮು ಬರೆದವರು ಅಜಾಗರೂಕರಾಗಿದ್ದರೆ ಸರ್ವರು ಮೊದಲನೆಯವರ ಪರವಾಗಿ ‘ಖಾಲಿ ಇದೆಯೇ?’ ಎಂದು ನೋಡುತ್ತದೆ, ಇದೆ. ಬರೆದುಕೊಳ್ಳುವ ಮುನ್ನವೇ ಎರಡನೆಯವರ ಪರವಾಗಿಯೂ ನೋಡುತ್ತದೆ, ಇದೆ. ಆಮೇಲೆ ಇಬ್ಬರ ಹೆಸರನ್ನೂ ಒಂದರ ನಂತರ ಒಂದು ಬರೆಯುತ್ತದೆ. ನೋಡುವುದಕ್ಕೂ ಬರೆಯುವುದಕ್ಕೂ ನಡುವೆ ಇರುವ ಕೂದಲೆಳೆಯಷ್ಟು ಬಿರುಕಿನಲ್ಲಿ ಇನ್ನೊಬ್ಬರು ನುಸುಳಿಬಿಟ್ಟರು. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಯಾರೂ ದುಡ್ಡು ತಿಂದಿಲ್ಲ.

ಈ ಬಿರುಕನ್ನು ಮುಚ್ಚುವ ಉಪಾಯ ನಮ್ಮ ಜನಕ್ಕೆ ಬಹಳ ಹಿಂದೆಯೇ ಗೊತ್ತಿತ್ತು. ಸಬರ್ಬನ್ ಬಸ್ ನಿಲ್ದಾಣಕ್ಕೆ ಹುಣಸೂರಿನ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಹಾಕುವವರನ್ನು ನೋಡಿ. ಅವರು ಮೊದಲು ಸೀಟು ಖಾಲಿ ಇದೆಯೇ ಎಂದು ಪರಿಶೀಲಿಸಿ, ಆಮೇಲೆ ಬಾಗಿಲಿಗೆ ಬಂದು, ಹತ್ತಿ, ಕೂರಲು ಹೋಗುವುದಿಲ್ಲ. ಕಾಣುವುದೂ ಟವೆಲ್ ಬೀಳುವುದೂ ಒಂದೇ ಕ್ರಿಯೆ. ಒಂದು ಸೀಟಿನ ಮೇಲೆ ಒಂದು ಟವೆಲ್ ಬಿದ್ದ ಮೇಲೆ ಇನ್ನೊಂದು ಟವೆಲ್ಲಿಗೆ ಅಲ್ಲಿ ಬೆಲೆಯಿಲ್ಲ ಎಂಬ ಅಲಿಖಿತ ಶಾಸನ ಇಡೀ ಬಸ್ಸಿಗೆ ಅನ್ವಯಿಸುತ್ತದೆ. ಕಂಪ್ಯೂಟರಿನ ಪರಿಭಾಷೆಯಲ್ಲಿ ಇಂಥ ತುಂಡರಿಸಲಾಗದ ಕ್ರಿಯೆಗೆ ‘ಅಟಾಮಿಕ್’ ಎನ್ನುತ್ತಾರೆ. (ಪರಮಾಣುವನ್ನು ಒಡೆಯಬಹುದೆಂದು ಜಗತ್ತಿಗೇ ಗೊತ್ತಾದ ಮೇಲೂ ಒಡೆಯಲಾಗದ್ದಕ್ಕೆ ಅದೇ ಹೆಸರು ಉಳಿದುಕೊಂಡಿರುವುದು ಭಾಷೆಯ ತಮಾಷೆ.) ಮೇಜುಗಳ ಲೆಕ್ಕವನ್ನು ಸಾಲುಸಾಲಾಗಿ ಇಟ್ಟುಕೊಳ್ಳುವ ಡೇಟಾಬೇಸಿಗೆ ಕೊಡುವ ಆಜ್ಞೆ ಹೀಗಿರುತ್ತದೆ: ನಾಲ್ಕನೆಯ ಮೇಜಿನ ಸ್ಥಿತಿ ‘ಖಾಲಿ’ ಎಂದಿದ್ದರೆ ಮಾತ್ರ ಅದನ್ನು ‘ಭರ್ತಿ’ ಎಂದು ಬದಲಿಸಿ, ಎಷ್ಟು ಸಾಲು ಬದಲಾಯಿತು ಎಂದು ತಿಳಿಸು. ಮೊದಲು ತಲುಪಿದವರಿಗೆ ಉತ್ತರ 1; ಎರಡನೆಯವರಿಗೆ 0, ಅಂದರೆ ‘ಕ್ಷಮಿಸಿ, ಈಗಷ್ಟೇ ಹೋಯಿತು’. ಇಬ್ಬರಿಗೂ 1 ಎಂಬ ಉತ್ತರ ಎಂದಿಗೂ ಬಾರದಂತೆ ನೋಡಿಕೊಳ್ಳುವುದು ಡೇಟಾಬೇಸಿನ ಹೊಣೆ.

ರೈಲ್ವೆಯವರು ಇದನ್ನು ಲೋಹದಲ್ಲಿಯೇ ಎರಕ ಹೊಯ್ದಿದ್ದರು. ಒಂಟಿ ಹಳಿಯ ಮಾರ್ಗದಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕು. ಅದಕ್ಕಾಗಿ ಸ್ಟೇಷನ್ ಮಾಸ್ತರರ ಕೋಣೆಯ ಯಂತ್ರದಿಂದ ಒಂದು ಲೋಹದ ಗುಂಡು ಹೊರಬರುತ್ತಿತ್ತು, ಅದನ್ನು ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿಟ್ಟು ಚಾಲಕನ ಕೈಗೆ ಕೊಡುತ್ತಿದ್ದರು. ಒಂದು ಗುಂಡು ಹೊರಗಿರುವಾಗ ಎರಡೂ ತುದಿಯ ಯಂತ್ರಗಳು ಇನ್ನೊಂದನ್ನು ಕೊಡಲು ನಿರಾಕರಿಸುತ್ತಿದ್ದವು. ನೆದರ್‌ಲ್ಯಾಂಡ್ಸಿನ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1960ರ ದಶಕದಲ್ಲಿ ಕಂಪ್ಯೂಟರುಗಳಿಗೆ ಇದೇ ಬಗೆಯ ಬೀಗವನ್ನು ಸೂಚಿಸಿದಾಗ ಅದಕ್ಕೆ ರೈಲ್ವೆಯ ಕೈಮರದ ಹೆಸರನ್ನೇ, ಸೆಮಾಫೋರ್ ಎಂದು, ಇಟ್ಟದ್ದು ಸುಮ್ಮನೆ ಅಲ್ಲ.

ಡೈಕ್‌ಸ್ಟ್ರಾ ಅವರ ಹೆಸರು ಬಂದಮೇಲೆ ಊಟದ ಮೇಜಿನಿಂದ ದೂರ ಹೋಗುವುದು ಸಾಧ್ಯವೇ ಇಲ್ಲ. 1965ರ ಸುಮಾರಿಗೆ ಅವರು ತಮ್ಮ ವಿದ್ಯಾರ್ಥಿಗಳಿಗೆ ಕೊಟ್ಟ ಲೆಕ್ಕವೊಂದು ಮುಂದೆ ಬ್ರಿಟನ್ನಿನ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಅವರ ಕೈಯಲ್ಲಿ ‘ಊಟಕ್ಕೆ ಕುಳಿತ ತತ್ತ್ವಜ್ಞಾನಿಗಳು’ ಎಂಬ ರೂಪ ಪಡೆಯಿತು. ದುಂಡು ಮೇಜಿನ ಸುತ್ತ ಐವರು ತತ್ತ್ವಜ್ಞಾನಿಗಳು, ಅಕ್ಕಪಕ್ಕದವರ ನಡುವೆ ಒಂದೊಂದರಂತೆ ಐದೇ ಫೋರ್ಕುಗಳು, ಆದರೆ ಒಬ್ಬೊಬ್ಬರಿಗೆ ತಿನ್ನಲು ಎರಡು ಬೇಕು. ಎಲ್ಲರೂ ಒಟ್ಟಿಗೆ ಎಡಗಡೆಯ ಫೋರ್ಕನ್ನು ಕೈಗೆತ್ತಿಕೊಂಡು ಬಲಗಡೆಯದಕ್ಕೆ ಕಾದರೆ ಐವರೂ ಉಪವಾಸ ಸಾಯುತ್ತಾರೆ. ಕೈಯಲ್ಲಿ ಉಣ್ಣುವ ಮೈಸೂರಿನವರಿಗೆ ಈ ಸಂಕಟ ಬರುವುದಿಲ್ಲ ಎಂದು ನಗಬಹುದು, ಆದರೆ ಮೇಜು ಕಾಯ್ದಿರಿಸುವಾಗ ಅದು ಬಂದೇ ಬರುತ್ತದೆ. ದೊಡ್ಡ ಗುಂಪೊಂದಕ್ಕೆ ಅಕ್ಕಪಕ್ಕದ ಎರಡು ಮೇಜುಗಳನ್ನು ಜೋಡಿಸಬೇಕು ಎನ್ನಿ. ಒಬ್ಬರ ಕೋರಿಕೆ ನಾಲ್ಕನೆಯ ಮೇಜಿಗೆ ಬೀಗ ಹಾಕಿ ಐದನೆಯದಕ್ಕೆ ಕಾಯುತ್ತಿದೆ, ಇನ್ನೊಬ್ಬರದು ಐದಕ್ಕೆ ಬೀಗ ಹಾಕಿ ನಾಲ್ಕಕ್ಕೆ ಕಾಯುತ್ತಿದೆ. ಹೀಗೆ ಇಬ್ಬರೂ ಪ್ರಳಯದವರೆಗೆ ಕಾಯಬಹುದು. ಕಿರುಗಲ್ಲಿಯಲ್ಲಿ ಎದುರುಬದುರಾದ ಎರಡು ಎತ್ತಿನ ಗಾಡಿಗಳು ‘ನೀನು ಹಿಂದೆ ಸರಿ’ ಎಂದು ನಿಂತಂತೆ. ಪರಿಹಾರ ಬೆರಗಾಗುವಷ್ಟು ಸರಳ: ಯಾರೇ ಆಗಲಿ ಚಿಕ್ಕ ಸಂಖ್ಯೆಯ ಮೇಜನ್ನು ಮೊದಲು ಹಿಡಿಯಬೇಕು ಎಂಬ ಒಂದು ನಿಯಮ. ಆಗ ಇಬ್ಬರೂ ನಾಲ್ಕಕ್ಕೇ ಕೈಹಾಕುತ್ತಾರೆ, ಒಬ್ಬರಿಗೆ ಸಿಗುತ್ತದೆ, ಐದೂ ಅವರಿಗೇ ಸಿಗುತ್ತದೆ, ಇನ್ನೊಬ್ಬರಿಗೆ ಬೇರೆ ಜಾಗ ನೋಡಿಕೊಳ್ಳಲು ಕೂಡಲೇ ಉತ್ತರ ಹೋಗುತ್ತದೆ.

ಟವೆಲ್ಲಿಗೆ ಆಯಸ್ಸೂ ಇರಬೇಕು. ಟವೆಲ್ ಹಾಕಿದವರು ಟೀ ಕುಡಿಯಲು ಹೋಗಿ ಮರಳದಿದ್ದರೆ ಸೀಟು ಖಾಲಿಯಾಗಿಯೇ ಬಸ್ಸು ಹೊರಡುತ್ತದೆ. ಹಣ ಪಾವತಿಯ ಪುಟದಲ್ಲಿ ಕೆಲವೊಮ್ಮೆ ಹಿಂದಕ್ಕೆ ಓಡುವ ಗಡಿಯಾರ ಕಾಣುವುದು ಇದಕ್ಕಾಗಿಯೇ; ಆ ಸಮಯ ಮುಗಿದೊಡನೆ ಬೀಗ ತಾನಾಗಿಯೇ ತೆರೆದುಕೊಳ್ಳುತ್ತದೆ. ಇನ್ನು ನೆಟ್‌ವರ್ಕ್ ನಿಧಾನವಾದಾಗ ಬೇಸತ್ತು ಎರಡು ಮೂರು ಬಾರಿ ಗುಂಡಿ ಒತ್ತುವವರಿಗೆ ಮೂರು ಮೇಜುಗಳು ಗಂಟು ಬೀಳದಿರುವುದಕ್ಕೆ ಕಾರಣ, ಸರಿಯಾಗಿ ಬರೆದ ಆ್ಯಪು ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಅಂಟಿಸಿ ಕಳಿಸುತ್ತದೆ, ಮತ್ತು ಒಂದೇ ಸಂಖ್ಯೆ ಮತ್ತೆ ಬಂದರೆ ಸರ್ವರು ಹಳೆಯ ಉತ್ತರವನ್ನೇ ಮರಳಿಸುತ್ತದೆ.

ಇವೆಲ್ಲ ಹೋಟೆಲಿಗಾಗಿ ಹುಟ್ಟಿದವಲ್ಲ. 1950ರ ದಶಕದ ಅಮೆರಿಕದಲ್ಲಿ ವಿಮಾನದ ಆಸನಗಳ ಲೆಕ್ಕ ತಿರುಗುವ ದುಂಡು ಪೆಟ್ಟಿಗೆಯೊಳಗಿನ ಕಾರ್ಡುಗಳಲ್ಲಿರುತ್ತಿತ್ತು. ಸುತ್ತ ಕುಳಿತ ಗುಮಾಸ್ತರು ಅದನ್ನು ತಿರುಗಿಸಿ ತಿರುಗಿಸಿ ಗುರುತು ಹಾಕುತ್ತಿದ್ದರು. 1953ರಲ್ಲಿ ಅಮೆರಿಕನ್ ಏರ್‌ಲೈನ್ಸಿನ ಮುಖ್ಯಸ್ಥರಾಗಿದ್ದ ಸಿ. ಆರ್. ಸ್ಮಿತ್ ಮತ್ತು ಕಂಪ್ಯೂಟರ್ ಕಂಪನಿ ಐಬಿಎಮ್ಮಿನ ಮಾರಾಟಗಾರ ಬ್ಲೇರ್ ಸ್ಮಿತ್ ಒಂದೇ ವಿಮಾನದಲ್ಲಿ ಅಕಸ್ಮಾತ್ತಾಗಿ ಅಕ್ಕಪಕ್ಕ ಕುಳಿತದ್ದರಿಂದ ಶುರುವಾದ ಮಾತು 1960ರ ದಶಕದಲ್ಲಿ ‘ಸೇಬರ್’ ಎಂಬ ಕಾಯ್ದಿರಿಸುವ ವ್ಯವಸ್ಥೆಯಾಯಿತು. ಇಂಥ ವಹಿವಾಟುಗಳ ಶಾಸ್ತ್ರವನ್ನು ಗಟ್ಟಿಗೊಳಿಸಿದ ಜಿಮ್ ಗ್ರೇ ಅವರಿಗೆ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 1998ರಲ್ಲಿ ಸಂದಿತು. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೋಟೆಲಿನ ಮೇಜು ಕಾಯ್ದಿರಿಸುವ ಓಪನ್‌ಟೇಬಲ್ ಹುಟ್ಟಿತು. ಅದರ ಜಾಣತನ ಇದ್ದದ್ದು ಗಿರಾಕಿಯ ಪರದೆಗಿಂತ ಹೆಚ್ಚಾಗಿ ಹೋಟೆಲಿನ ಬಾಗಿಲಲ್ಲಿ: ಅಲ್ಲಿದ್ದ ಕಾಗದದ ಪುಸ್ತಕವನ್ನು ತೆಗೆಸಿ ಅದರ ಜಾಗದಲ್ಲಿ ಒಂದು ಕಂಪ್ಯೂಟರನ್ನು ಇರಿಸಿತು, ಇದರಿಂದ ಫೋನಿನಲ್ಲಿ ಕೇಳಿದವರ ಹೆಸರೂ ಅಂತರ್ಜಾಲದಲ್ಲಿ ಕೇಳಿದವರ ಹೆಸರೂ ಒಂದೇ ಕಡೆ ಸೇರುವಂತಾಯಿತು. ನಮ್ಮಲ್ಲಿ 2012ರಲ್ಲಿ ಡೈನ್‌ಔಟ್ ಬಂತು, 2022ರಲ್ಲಿ ಅದು ಸ್ವಿಗ್ಗಿಯ ತೆಕ್ಕೆಗೆ ಸೇರಿತು.

ಆ ‘ಒಂದೇ ಕಡೆ’ ಎಂಬ ಮಾತಿನಲ್ಲಿಯೇ ನಮ್ಮ ದಸರೆಯ ರಾತ್ರಿಯ ಒಗಟು ಬಿಡುತ್ತದೆ. ಮ್ಯಾನೇಜರು ನಮ್ಮ ಮುಂದೆ ಒಂದು ಉದ್ದನೆಯ ನೋಟ್ ಬುಕ್ಕನ್ನು ಬಿಡಿಸಿದರು. ನೀಲಿ ಶಾಯಿಯಲ್ಲಿ ಮಧ್ಯಾಹ್ನ ಬರೆದ ಸಾಲು ಇತ್ತು: ‘8 ಗಂಟೆ, 6 ಜನ, ಕಿಟಕಿ.’ ಆ ಕುಟುಂಬ ನಾಲ್ಕು ಗಂಟೆಗೆ ನೇರವಾಗಿ ಹೋಟೆಲಿಗೇ ಫೋನು ಮಾಡಿತ್ತು. ಆ್ಯಪಿನ ಲೆಕ್ಕ ತೋರಿಸಬೇಕಿದ್ದ ಟ್ಯಾಬು ಗಲ್ಲಾದ ಮೇಲೆ ಅಂಗಾತ ಮಲಗಿತ್ತು. ಅದರ ಮೇಲೆ ಸೋಂಪು, ಕಲ್ಲುಸಕ್ಕರೆಯ ಬಟ್ಟಲು. ನಾಲ್ಕು ಗಂಟೆಗೆ ಪುಸ್ತಕದಲ್ಲಿ ಹೋದ ಮೇಜು ಟ್ಯಾಬಿನಲ್ಲಿ ಐದು ಗಂಟೆಗೂ ಖಾಲಿಯೇ ಇತ್ತು. ಸರ್ವರು ತನ್ನ ಬೀಗವನ್ನು ಲವಲೇಶ ತಪ್ಪಿಲ್ಲದೆ ಹಾಕಿತ್ತು, ಆದರೆ ಬೀಗ ಬಿದ್ದದ್ದು ಮುಂಬಾಗಿಲಿಗೆ ಮಾತ್ರ, ಹಿತ್ತಿಲ ಬಾಗಿಲು ತೆರೆದೇ ಇತ್ತು. ಎಂಥ ಚತುರ ಪ್ರೋಗ್ರಾಮಾದರೂ ತನಗೆ ಯಾರೂ ಹೇಳದ ಸಂಗತಿಯನ್ನು ತಿಳಿಯಲಾರದು. ನಾನು ಒತ್ತಿದ್ದು ರಾಹುಕಾಲದಲ್ಲೇ ನಿಜ. ಆದರೆ ನಾಲ್ಕೂಕಾಲಿಗೆ ಒತ್ತಿದ್ದರೂ ಫಲ ಇದೇ ಆಗುತ್ತಿತ್ತು ಎಂದರೆ ಅತ್ತೆ ಈಗಲೂ ಒಪ್ಪುವುದಿಲ್ಲ.

ಪುಸ್ತಕವನ್ನು ಬಿಡಲು ಮನಸ್ಸಿಲ್ಲದ ಹೋಟೆಲಿನವರಿಗೂ ದಾರಿಯಿದೆ, ಅದನ್ನೂ ರೈಲ್ವೆಯೇ ತೋರಿಸಿದೆ. 1980ರ ದಶಕದ ಮಧ್ಯದಲ್ಲಿ ದೆಹಲಿಯಲ್ಲಿ ಕಂಪ್ಯೂಟರ್ ರಿಸರ್ವೇಷನ್ ಆರಂಭವಾಗುವ ಮೊದಲು ದೇಶವಿಡೀ ದಪ್ಪ ರಿಜಿಸ್ಟರುಗಳೇ ಇದ್ದವು, ಒಂದು ಊರಿನ ರಿಜಿಸ್ಟರಿಗೆ ಇನ್ನೊಂದು ಊರಿನದು ಕಾಣುತ್ತಿರಲಿಲ್ಲ. ಆದರೂ ಒಂದೇ ಬರ್ತು ಇಬ್ಬರಿಗೆ ಹೋಗದಂತೆ ಕಾಪಾಡಿದ್ದು ಕೋಟಾ ಪದ್ಧತಿ: ಇಂತಿಷ್ಟು ಬರ್ತು ಈ ನಿಲ್ದಾಣಕ್ಕೆ, ಇಂತಿಷ್ಟು ಆ ನಿಲ್ದಾಣಕ್ಕೆ ಎಂದು ಮೊದಲೇ ಹಂಚಿಟ್ಟುಬಿಟ್ಟರೆ ಪರಸ್ಪರ ಕೇಳುವ ಅಗತ್ಯವೇ ಇಲ್ಲ. ಹಾಗೆಯೇ ಒಂದರಿಂದ ಎಂಟರವರೆಗಿನ ಮೇಜುಗಳು ಪುಸ್ತಕಕ್ಕೆ, ಉಳಿದವು ಆ್ಯಪಿಗೆ ಎಂದು ಬೆಳಗ್ಗೆಯೇ ಗೆರೆ ಎಳೆದರೆ ಸಾಕು. ಒಂದು ಬದಿಯಲ್ಲಿ ಕೆಲವು ಮೇಜುಗಳು ಖಾಲಿ ಉಳಿಯುವ ನಷ್ಟ ಇದ್ದೇ ಇದೆ, ಆದರೆ ದಸರೆಯಲ್ಲಿ ಬಾಗಿಲಿಗೇ ಬಂದು ನಿಂತವರು ಅವನ್ನು ತುಂಬುತ್ತಾರೆ. ಇದನ್ನು ಮ್ಯಾನೇಜರಿಗೆ ಹೇಳಿದೆ. ಅವರು ತಲೆಯಾಡಿಸಿ, ಹಿಂದೆ ನಿಂತವರ ಕಡೆ ತಿರುಗಿ, ‘ಎಷ್ಟು ಜನ ಸಾರ್?’ ಎಂದರು.

ಅಲ್ಲಿಂದ ನಡೆದುಕೊಂಡು ಹೋಗಿ, ಮುಂಗಡ ಎಂಬ ಪದವನ್ನೇ ಕೇಳದ ಒಂದು ಹಳೆಯ ಊಟದ ಹೋಟೆಲನ್ನು ಹೊಕ್ಕೆವು. ಪ್ರತಿ ಕುರ್ಚಿಯ ಬೆನ್ನಿಗೂ ಒಬ್ಬೊಬ್ಬರು ನಿಂತು, ಉಣ್ಣುತ್ತಿದ್ದವರ ಎಲೆಯಲ್ಲಿ ಸಾರನ್ನ ಮುಗಿಯಿತೋ ಮಜ್ಜಿಗೆ ಬಂತೋ ಎಂದು ಲೆಕ್ಕ ಹಾಕುತ್ತಿದ್ದರು. ನಾನು ಯಾವ ಸಾಲು ಬೇಗ ಏಳಬಹುದು ಎಂದು ಯೋಚಿಸುತ್ತಿರುವಾಗಲೇ ಅತ್ತೆ ಮೂಲೆಯ ಮೇಜಿಗೆ ಹೋಗಿ, ಕೈ ತೊಳೆಯಲು ಎದ್ದವರ ಕುರ್ಚಿಯ ಮೇಲೆ ತಮ್ಮ ಕರ್ಚೀಫನ್ನೂ, ಪಕ್ಕದ ಕುರ್ಚಿಯ ಮೇಲೆ ಅಕ್ಕನ ವ್ಯಾನಿಟಿ ಬ್ಯಾಗನ್ನೂ ಇಟ್ಟು, ಮೂರನೆಯದರ ಮೇಲೆ ಚಿಕ್ಕ ಹುಡುಗನನ್ನು ಕೂರಿಸಿಯೇಬಿಟ್ಟಿದ್ದರು.