ಟಿಕ್ ಅನ್ನುವುದು ಎಷ್ಟು ಹೊತ್ತಿಗೊಮ್ಮೆ?

"ಸಾರ್, ರೆಕಾರ್ಡಿಂಗ್ ಮಧ್ಯೆ ಮಧ್ಯೆ ಟಿಕ್ ಅನ್ನುತ್ತೆ. ಬಫರ್ 1024 ಮಾಡಿದ್ಮೇಲೆ ಸ್ವಲ್ಪ ಕಡಿಮೆ ಆಯ್ತು, ಆದ್ರೂ ಬರುತ್ತೆ. ವಿಂಡೋಸ್ ಹೊಸದಾಗಿ ಹಾಕಿದೆ. ಇಂಟರ್ಫೇಸೇ ಬದಲಾಯಿಸ್ಬೇಕಾ?"

ಇಂಥ ಫೋನ್ ನನಗೆ ಹೊಸದಲ್ಲ. ಮನೆಯಲ್ಲೇ ಸ್ಟುಡಿಯೋ ಮಾಡಿಕೊಂಡವರಿಗೆ, ಮೈಕು ಸ್ಪೀಕರುಗಳನ್ನು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಆಡಿಯೋ ಇಂಟರ್ಫೇಸ್ ಒಂದಲ್ಲ ಒಂದು ದಿನ ಹೀಗೆ ಕೈಕೊಡುತ್ತದೆ. ಬದಲಾಯಿಸುವುದು ಬೇಡ ಅಂದೆ. ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಅಂತ ಕೇಳಿದೆ. "ಹಾಗೇನಿಲ್ಲ ಸಾರ್, ಸುಮ್ನೆ ಬರುತ್ತೆ." ಸುಮ್ನೆ ಬರುವುದಿಲ್ಲ. ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೈಗೆತ್ತಿಕೊಳ್ಳುವ ಸದ್ದಿನ ತುಣುಕು, ಮತ್ತೆ 256ಕ್ಕೆ ತನ್ನಿ, ಟಿಕ್ ಬಂದ ಹೊತ್ತನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ ಅಂದೆ. ಅವರಿಗೆ ನನ್ನ ಮಾತು ರುಚಿಸಿದ ಹಾಗೆ ಕಾಣಲಿಲ್ಲ. ಯಾವುದಾದರೂ ಸೆಟ್ಟಿಂಗ್ ಹೇಳುತ್ತೇನೆ ಅಂತ ಕಾದಿದ್ದರು.

ಸೆಟ್ಟಿಂಗ್ ಹೇಳುವ ಮೊದಲು ನಾನು ಕೇಳುವ ಇನ್ನೊಂದು ಪ್ರಶ್ನೆ ಇದೆ. ಟಿಕ್ ಫೈಲಿನಲ್ಲೇ ಇದೆಯಾ, ಕಿವಿಗೆ ಮಾತ್ರ ಬರುತ್ತಾ? ರೆಕಾರ್ಡ್ ಆದದ್ದನ್ನು ಎರಡು ಸಲ ಕೇಳಿ. ಎರಡೂ ಸಲ ಅದೇ ಜಾಗದಲ್ಲಿ ಬಂದರೆ ಅದು ಫೈಲಿಗೆ ಸೇರಿಹೋಗಿದೆ, ಅಂದರೆ ಒಳಬರುವ ದಾರಿಯಲ್ಲೇ ತಪ್ಪಾಗಿದೆ. ಜಾಗ ಬದಲಾಗುತ್ತಿದ್ದರೆ ಫೈಲ್ ಚೆನ್ನಾಗಿದೆ, ಹೊರಗೆ ಹೋಗುವ ದಾರಿಯಲ್ಲಿ ಎಡವುತ್ತಿದೆ. ಎರಡನೆಯದಾದರೆ ಹಾಡಿದ ಟೇಕ್ ಹಾಳಾಗಿಲ್ಲ ಅಂತ ಸಮಾಧಾನವಾದರೂ ಸಿಗುತ್ತದೆ.

ಇನ್ನು ಬಫರ್ ವಿಷಯ. 48 ಕಿಲೋಹರ್ಟ್ಸ್ ಅಂದರೆ ಸದ್ದನ್ನು ಸೆಕೆಂಡಿಗೆ 48,000 ಸಲ ಅಳೆಯುವುದು, ಒಂದೊಂದು ಅಳತೆಯೂ ಒಂದು ಸ್ಯಾಂಪಲ್. ಬಫರ್ 256 ಇಟ್ಟರೆ ಕಂಪ್ಯೂಟರಿಗೆ ಸಿಗುವ ವಾಯಿದೆ 5.3 ಮಿಲಿಸೆಕೆಂಡ್. ಅಷ್ಟರೊಳಗೆ ಎಲ್ಲ ಟ್ರ್ಯಾಕ್‌ಗಳ ಎಲ್ಲ ಪ್ಲಗ್‌ಇನ್‌ಗಳ ಲೆಕ್ಕ ಮುಗಿಸಿ ಮುಂದಿನ 256 ಸ್ಯಾಂಪಲ್ ಕೊಡಬೇಕು (ಪ್ಲಗ್‌ಇನ್ ಅಂದರೆ ಸದ್ದು ತಿದ್ದುವ ಪುಟ್ಟ ಪ್ರೋಗ್ರಾಂ). 128ಕ್ಕೆ ಇಳಿಸಿದರೆ ವಾಯಿದೆ 2.7 ಮಿಲಿಸೆಕೆಂಡ್. ಬಫರ್ 256ರಲ್ಲೇ ಬಿಟ್ಟು ಸ್ಯಾಂಪಲ್ ರೇಟ್ 96 ಮಾಡಿದರೂ ಅಷ್ಟೇ, 2.7. ಸೌಂಡ್ ಚೆನ್ನಾಗಿರಲಿ ಅಂತ ರೇಟ್ ಏರಿಸುವವರಿಗೆ ವಾಯಿದೆ ಅರ್ಧಕ್ಕಿಳಿದದ್ದು ಗೊತ್ತೇ ಆಗುವುದಿಲ್ಲ.

"ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು 20 ಪರ್ಸೆಂಟೂ ಇಲ್ಲ, ಮತ್ಯಾಕೆ ಟಿಕ್?" ಅಂತ ಬಹಳ ಜನ ಕೇಳುತ್ತಾರೆ. ಇದು ಸಾಲದ ಕಂತು ಕಟ್ಟಿದ ಹಾಗೆ. ವರ್ಷದ ದುಡಿಮೆ ಎಷ್ಟೇ ಚೆನ್ನಾಗಿರಲಿ, ಕಟ್ಟಬೇಕಾದ ದಿನ ಕೈಯಲ್ಲಿ ದುಡ್ಡಿಲ್ಲ ಅಂದರೆ ಕಂತು ತಪ್ಪಿತು. ಟಾಸ್ಕ್ ಮ್ಯಾನೇಜರ್ ತೋರಿಸುವುದು ವರ್ಷದ ದುಡಿಮೆ. ಅದು ಎಲ್ಲ ಕೋರ್‌ಗಳ ಸರಾಸರಿ ಬೇರೆ. ಒಂದು ಟ್ರ್ಯಾಕಿನ ಮೇಲೆ ಸಾಲಾಗಿ ಕೂತ ಪ್ಲಗ್‌ಇನ್‌ಗಳನ್ನು ಒಂದಾದ ಮೇಲೆ ಒಂದು ಲೆಕ್ಕ ಹಾಕಬೇಕು, ಒಂದರ ಉತ್ತರ ಬರದೆ ಮುಂದಿನದು ಶುರುವಾಗದು. ಹಾಗಾಗಿ ಆ ಭಾರ ಸಾಮಾನ್ಯವಾಗಿ ಒಂದೇ ಕೋರ್ ಮೇಲೆ ಬೀಳುತ್ತದೆ. ಉಳಿದ ಕೋರ್‌ಗಳು ಕೈಕಟ್ಟಿ ಕೂತಿರುತ್ತವೆ. ಮಾಸ್ಟರ್ ಟ್ರ್ಯಾಕಿನಲ್ಲಿ ಲೀನಿಯರ್ ಫೇಸ್ ಈಕ್ಯೂ, ಓವರ್‌ಸ್ಯಾಂಪ್ಲಿಂಗ್ ಆನ್ ಮಾಡಿದ ಲಿಮಿಟರ್ ಇಂಥ ಭಾರದ ಪ್ಲಗ್‌ಇನ್ ಎಲ್ಲ ಇಟ್ಟುಕೊಂಡೇ ಹಾಡಲು ಕೂತರೆ ತೊಂದರೆ ಗ್ಯಾರಂಟಿ. ರೆಕಾರ್ಡಿಂಗ್ ಹೊತ್ತಿಗೆ ಅವನ್ನು ಆಫ್ ಮಾಡಿ, ಭಾರದ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡಿ, ಅಂದರೆ ಅವುಗಳ ಲೆಕ್ಕ ಮೊದಲೇ ಮುಗಿಸಿ ಇಡಿ. ಮಿಕ್ಸ್ ಮಾಡುವಾಗ ಬಫರ್ ಎಷ್ಟು ಬೇಕಾದರೂ ಏರಿಸಿಕೊಳ್ಳಬಹುದು. ಬಫರ್ ದೊಡ್ಡದಾದಷ್ಟೂ ಸದ್ದು ತಡವಾಗಿ ಕೇಳಿಸುತ್ತದೆ, ಆದರೆ ಆಗ ಯಾರೂ ಹಾಡುತ್ತಿರುವುದಿಲ್ಲ.

ನನ್ನ ಲೆಕ್ಕದಲ್ಲಿ ಬಫರ್ ಅನ್ನುವುದು ನೋವಿನ ಮಾತ್ರೆ. ಖಾಲಿ ಪ್ರಾಜೆಕ್ಟಿನಲ್ಲಿ 512 ಇಟ್ಟೂ ಟಿಕ್ ಬರುತ್ತಿದ್ದರೆ ರೋಗ ಬೇರೆ ಎಲ್ಲೋ ಇದೆ. ಅದರ ಮೇಲೆ ಏರಿಸುತ್ತಾ ಹೋಗಬೇಡಿ.

ಆ ರೋಗ ಮೊದಲು ಹುಡುಕಬೇಕಾದದ್ದು ಕೇಬಲ್‌ನಲ್ಲಿ. "ಅದೇ ಕೇಬಲ್‌ನಲ್ಲಿ ಹಾರ್ಡ್ ಡಿಸ್ಕ್ ಹಾಕಿ ಸಿನಿಮಾ ಕಾಪಿ ಮಾಡ್ದೆ, ಏನೂ ಆಗ್ಲಿಲ್ಲ" ಅನ್ನುವ ವಾದ ನಡೆಯದು. ಹಾರ್ಡ್ ಡಿಸ್ಕಿಗೆ ಹೋಗುವ ಡೇಟಾ ದಾರಿಯಲ್ಲಿ ಕೆಟ್ಟರೆ ಯುಎಸ್‌ಬಿ ಅದನ್ನು ಮತ್ತೆ ಕಳಿಸುತ್ತದೆ. ಸ್ವಲ್ಪ ತಡವಾಗುತ್ತದೆ, ನಮಗೆ ಗೊತ್ತಾಗುವುದಿಲ್ಲ. ಆಡಿಯೋ ಇಂಟರ್ಫೇಸ್‌ಗಳು ಹೆಚ್ಚಾಗಿ ಬಳಸುವುದು ಐಸೋಕ್ರೊನಸ್ ಅನ್ನುವ ಬೇರೆ ವಿಧಾನವನ್ನು. ಅದರಲ್ಲಿ ಜಾಗ ಮೊದಲೇ ಕಾಯ್ದಿರಿಸಿರುತ್ತದೆ, ಹೊತ್ತಿಗೆ ಸರಿಯಾಗಿ ಡೇಟಾ ಹೊರಡುತ್ತದೆ, ಆದರೆ ಕೆಟ್ಟದ್ದನ್ನು ಮತ್ತೆ ಕಳಿಸುವುದಿಲ್ಲ. ಹೋದದ್ದು ಹೋಯಿತು. ಯುಎಸ್‌ಬಿ 2.0ರ ಹೈಸ್ಪೀಡ್ ಸಾಧನಗಳಲ್ಲಿ ಪ್ರತಿ 125 ಮೈಕ್ರೋಸೆಕೆಂಡಿಗೆ ಒಂದು ಸರದಿ, ಸೆಕೆಂಡಿಗೆ 8,000 ಸಲ. ಅದರಲ್ಲಿ ಒಂದು ತಪ್ಪಿದರೂ ಕಿವಿಗೆ ತಾಕಬಹುದು.

ವೇಗ ಸಾಲದೆ ಹೀಗಾಗುತ್ತದೆ ಅಂದುಕೊಳ್ಳಬೇಡಿ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ 18 ಚಾನೆಲ್ ಕಳಿಸಿದರೂ ಸೆಕೆಂಡಿಗೆ ಸುಮಾರು 21 ಮೆಗಾಬಿಟ್. ಯುಎಸ್‌ಬಿ 2.0ರ ವೇಗ 480. ಯುಎಸ್‌ಬಿ 3 ಪೋರ್ಟಿಗೆ ಹಾಕಿದರೆ ಸರಿಹೋಗುತ್ತದೆ ಎಂಬ ಸಲಹೆ ಕೆಲವೊಮ್ಮೆ ಫಲಿಸುವುದು ಅದು ಬೇರೆ ಪೋರ್ಟ್ ಅನ್ನುವ ಕಾರಣಕ್ಕೆ.

ಕೇಬಲ್ ವಿಷಯದಲ್ಲಿ ನಾನೇ ಮೋಸಹೋಗಿದ್ದೇನೆ. ಒಮ್ಮೆ ಎರಡು ದಿನ ಡ್ರೈವರ್ ತೆಗೆದೆ, ಹಾಕಿದೆ, ಬಯೋಸ್ ಒಳಗೆಲ್ಲ ಕೈಯಾಡಿಸಿದೆ. ಕೊನೆಗೆ ನೋಡಿದರೆ ಟೇಬಲ್ಲಿನ ಕಾಲು ಕೇಬಲ್ ಮೇಲೆ ಕೂತಿತ್ತು. ಕುರ್ಚಿ ಎಳೆದಾಗಲೆಲ್ಲ ಟೇಬಲ್ ಅಲುಗುತ್ತಿತ್ತು, ಇಂಟರ್ಫೇಸ್ ಕಣ್ಣು ಮುಚ್ಚುತ್ತಿತ್ತು. ಅವತ್ತಿನಿಂದ ಮೊದಲು ಬಗ್ಗಿ ಟೇಬಲ್ ಕೆಳಗೆ ನೋಡುತ್ತೇನೆ. ಚಿಕ್ಕ ಕೇಬಲ್ ಒಳ್ಳೆಯದು, 5 ಮೀಟರ್ ಮೀರಲೇಬಾರದು. ಡೆಸ್ಕ್‌ಟಾಪ್ ಆದರೆ ಹಿಂದಿನ ಪೋರ್ಟ್ ಬಳಸಿ. ಮುಂದಿನ ಪೋರ್ಟಿಗೂ ಮದರ್‌ಬೋರ್ಡಿಗೂ ನಡುವೆ ಡಬ್ಬದೊಳಗೆ ಇನ್ನೊಂದು ವೈರ್ ಇರುತ್ತದೆ, ಅದರ ಗುಣ ಯಾರು ನೋಡಿದ್ದಾರೆ?

ಸದ್ದು ಪೂರ್ತಿ ನಿಂತು, ಸಾಧನ ಕಳಚಿದಾಗ ವಿಂಡೋಸ್ ಮಾಡುವ ಆ ಡುಂಡುಂ ಕೇಳಿದರೆ ಕೇಬಲ್ ಅಥವಾ ಪವರ್ ಅನ್ನುವುದು ಹೆಚ್ಚುಕಡಿಮೆ ಖಚಿತ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್, 3.0 ಪೋರ್ಟ್ 900. ಎರಡು ಕಂಡೆನ್ಸರ್ ಮೈಕ್ ಹಾಕಿ ಅವಕ್ಕೆ ಕರೆಂಟ್ ಕೊಡುವ 48 ವೋಲ್ಟ್ ಬಟನ್ ಒತ್ತಿದ ತಕ್ಷಣ ಇಂಟರ್ಫೇಸ್ ಮಾಯವಾದರೆ ಅದಕ್ಕೆ ಹಸಿವು ಅಂತಲೇ ಅರ್ಥ. ಅಡಾಪ್ಟರ್ ಹಾಕುವ ಜಾಗ ಇದ್ದರೆ ಹಾಕಿ. ಇಲ್ಲದಿದ್ದರೆ ನೇರ ಪೋರ್ಟಿಗೆ ಕೊಡಿ. ಕೀಬೋರ್ಡ್, ವೆಬ್‌ಕ್ಯಾಮ್, ಹಾರ್ಡ್ ಡಿಸ್ಕ್ ಎಲ್ಲ ನೇತಾಡುವ ಪವರ್ ಇಲ್ಲದ ಹಬ್ಬಿಗೆ ಅದನ್ನೂ ಸೇರಿಸಬೇಡಿ.

ಖಾಲಿ ಪ್ರಾಜೆಕ್ಟ್, ಒಳ್ಳೆ ಕೇಬಲ್, ನೇರ ಪೋರ್ಟ್. ಆದರೂ ಹೊತ್ತುಗೊತ್ತಿಲ್ಲದೆ ಟಿಕ್. ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಇದು ಜಾಸ್ತಿ, ನನಗೆ ತುಂಬ ಹೊತ್ತು ಹಿಡಿಯುವುದೂ ಇದೇ. ವಿಂಡೋಸ್‌ನಲ್ಲಿ ಡ್ರೈವರ್‌ಗಳಿಗೆ ಒಂದು ವಿಶೇಷ ಹಕ್ಕಿದೆ. ತುರ್ತು ಕೆಲಸ ಅಂತ ಹೇಳಿ ಉಳಿದ ಪ್ರೋಗ್ರಾಂಗಳನ್ನೆಲ್ಲ ಬದಿಗೆ ಸರಿಸಿ ಮುಂದೆ ನುಗ್ಗಬಹುದು. ಡಿಪಿಸಿ ಅನ್ನುತ್ತಾರೆ ಇದನ್ನು. ಇಂಥ ಕೆಲಸ 100 ಮೈಕ್ರೋಸೆಕೆಂಡ್ ಮೀರಬಾರದು ಅಂತ ಡ್ರೈವರ್ ಬರೆಯುವವರಿಗೆ ಮೈಕ್ರೋಸಾಫ್ಟ್ ಹೇಳುತ್ತದೆ. ಎಲ್ಲರೂ ಪಾಲಿಸುವುದಿಲ್ಲ. ವೈಫೈ ಡ್ರೈವರ್ ಒಂದೆರಡು ಮಿಲಿಸೆಕೆಂಡ್ ದಾರಿ ಬಿಡದೆ ನಿಂತರೆ 2.7 ಮಿಲಿಸೆಕೆಂಡ್ ವಾಯಿದೆಯಲ್ಲಿ ನಮಗೆ ಏನು ಉಳಿಯಿತು?

ಇದನ್ನು ಹಿಡಿಯಲು ಲೇಟೆನ್ಸಿಮಾನ್ ಅನ್ನುವ ಪ್ರೋಗ್ರಾಂ ಇದೆ. ಇಪ್ಪತ್ತು ನಿಮಿಷ ಓಡಲು ಬಿಡಿ. ನಂತರ ಡ್ರೈವರ್‌ಗಳ ಪಟ್ಟಿಯಲ್ಲಿ ಅತಿ ಹೆಚ್ಚು ಹೊತ್ತು ತೆಗೆದುಕೊಂಡದ್ದು ಯಾವುದು ನೋಡಿ. ಎನ್‌ಡಿಐಎಸ್ ಇದ್ದರೆ ನೆಟ್‌ವರ್ಕ್, ಹೆಚ್ಚಾಗಿ ವೈಫೈ. ಎನ್‌ವಿಯಿಂದ ಶುರುವಾಗುವ ಉದ್ದ ಹೆಸರಿದ್ದರೆ ಎನ್‌ವಿಡಿಯಾ ಗ್ರಾಫಿಕ್ಸ್. ಎಸಿಪಿಐ ಅಂದರೆ ಪವರ್ ನೋಡಿಕೊಳ್ಳುವ ಭಾಗ. ಡಬ್ಲ್ಯೂಡಿಎಫ್ ಅಂತ ಬಂದರೆ ಮಾತ್ರ ಕಷ್ಟ. ಅದು ಹಲವು ಡ್ರೈವರ್‌ಗಳು ಹಾದುಬರುವ ಬಾಗಿಲು ಕಾಯುವವನ ಹೆಸರು, ಒಳಗೆ ನುಗ್ಗಿದವನದಲ್ಲ. ಆಗ ಡಿವೈಸ್ ಮ್ಯಾನೇಜರ್‌ಗೆ ಹೋಗಿ ಒಂದೊಂದೇ ಸಾಧನ ಡಿಸೇಬಲ್ ಮಾಡಿ ನೋಡಬೇಕು. ಮೊದಲು ವೈಫೈ, ಆಮೇಲೆ ಬ್ಲೂಟೂತ್, ಆಮೇಲೆ ವೆಬ್‌ಕ್ಯಾಮ್. ಎಸಿಪಿಐ ಮೇಲೆ ಅನುಮಾನವಿದ್ದರೆ ಅಲ್ಲೇ ಬ್ಯಾಟರಿ ವಿಭಾಗದಲ್ಲಿ ಕಂಟ್ರೋಲ್ ಮೆಥಡ್ ಬ್ಯಾಟರಿ ಅಂತ ಇರುತ್ತದೆ, ಅದನ್ನು ಡಿಸೇಬಲ್ ಮಾಡಿ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಅಂತ ಆಗಾಗ ಕೇಳುವ ಕೆಲಸವೇ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆಡಿಯೋ ಮುಗ್ಗರಿಸುವಂತೆ ಮಾಡುತ್ತದೆ. ಇದು ಆಫ್ ಇರುವಾಗ ಬ್ಯಾಟರಿ ಮಟ್ಟ ತೋರಿಸುವುದಿಲ್ಲ. ಚಾರ್ಜರ್ ಹಾಕಿಕೊಂಡೇ ಕೆಲಸ ಮಾಡಿ, ಮುಗಿದ ಮೇಲೆ ಮರೆಯದೆ ಎನೇಬಲ್ ಮಾಡಿ.

ಪವರ್ ಪ್ಲಾನ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಸುಮ್ಮನಿದ್ದ ಸಾಧನವನ್ನು ಮಲಗಿಸುವ ಸೆಟ್ಟಿಂಗ್) ಆಫ್ ಮಾಡಿ, ಹೈ ಪರ್ಫಾರ್ಮೆನ್ಸ್ ಆರಿಸಿ. ಡ್ರೈವರ್ ಇಂಟರ್ಫೇಸ್ ತಯಾರಿಸಿದವರದೇ ಇರಲಿ.

ಅಪರೂಪಕ್ಕೆ ತಪ್ಪು ನಿಜಕ್ಕೂ ಕಂಪ್ಯೂಟರ್ ಮಾಡಿದವರದೇ ಆಗಿರುತ್ತದೆ. 2018ರಲ್ಲಿ ಬಂದ ಮ್ಯಾಕ್‌ಬುಕ್ ಪ್ರೋ, ಮ್ಯಾಕ್‌ಬುಕ್ ಏರ್, ಮ್ಯಾಕ್ ಮಿನಿಗಳಲ್ಲಿ ಯುಎಸ್‌ಬಿ ಆಡಿಯೋ ಮುಗ್ಗರಿಸುತ್ತಿತ್ತು. 2019ರ ಮ್ಯಾಕ್‌ಓಎಸ್ 10.14.4 ಅಪ್‌ಡೇಟ್‌ನಲ್ಲಿ ಆಪಲ್ ಅದಕ್ಕೆ ತಿದ್ದುಪಡಿ ಕೊಟ್ಟಿತು. 2021ರಲ್ಲಿ ಎಎಂಡಿಯ 500 ಸರಣಿ ಚಿಪ್‌ಸೆಟ್ ಬೋರ್ಡ್‌ಗಳಲ್ಲಿ ಯುಎಸ್‌ಬಿ ಸಾಧನಗಳು ಆಗಾಗ ಕಳಚಿಕೊಳ್ಳುತ್ತಿದ್ದವು. ಕಂಪನಿಯೇ ಒಪ್ಪಿಕೊಂಡು ಬಯೋಸ್ ಅಪ್‌ಡೇಟ್ ಮೂಲಕ ಸರಿಮಾಡಿತು. ಆ ಕಾಲದ ಬೋರ್ಡ್ ಇದ್ದು ಬಯೋಸ್ ಮುಟ್ಟಿಯೇ ಇಲ್ಲದಿದ್ದರೆ ಅದನ್ನು ಮೊದಲು ಮಾಡಿ. ಲಿನಕ್ಸ್‌ನವರಿಗೆ ಎಕ್ಸ್‌ರನ್ (ವಾಯಿದೆ ತಪ್ಪಿದ ಸಲ) ಲೆಕ್ಕ ಕಣ್ಣೆದುರೇ ಕಾಣುತ್ತದೆ, ಅವರ ಕೆಲಸ ಅಷ್ಟರಮಟ್ಟಿಗೆ ಹಗುರ. ಅಲ್ಲಿ ಜ್ಯಾಕ್ ಅನ್ನುವ ಆಡಿಯೋ ಪ್ರೋಗ್ರಾಂ ಬಳಸುವವರು ಯುಎಸ್‌ಬಿ ಇಂಟರ್ಫೇಸಿಗೆ ಪೀರಿಯಡ್ (ಸಾಲಿನಲ್ಲಿಡುವ ಬಫರ್ ತುಂಡುಗಳ ಸಂಖ್ಯೆ) 2ರ ಬದಲು 3 ಇಟ್ಟು ನೋಡಬಹುದು.

ಇಷ್ಟೆಲ್ಲ ಬದಲಾಯಿಸಿದ ಮೇಲೆ ಸರಿಹೋಯಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಹಾಡು ಹಾಕಿ ಕೇಳುತ್ತಾ ಕೂತರೆ ಆಗದು. ಡ್ರಮ್ಸ್ ಸದ್ದಿನಲ್ಲಿ ಟಿಕ್ ಮುಳುಗಿಹೋಗುತ್ತದೆ. ನಾನು ಮಾಡುವುದು ಹೀಗೆ. ಸ್ಪೀಕರ್ ಆಫ್, 48 ವೋಲ್ಟ್ ಆಫ್. ಇಂಟರ್ಫೇಸಿನ ಒಂದು ಲೈನ್ ಔಟ್‌ಪುಟ್‌ನಿಂದ ಅದರದೇ ಲೈನ್ ಇನ್‌ಪುಟ್‌ಗೆ ಕೇಬಲ್ ಸುತ್ತಿ ಹಾಕುತ್ತೇನೆ. 1 ಕಿಲೋಹರ್ಟ್ಸ್ ಟೋನ್ ಸಣ್ಣಗೆ ನುಡಿಸಿ, ಮಾನಿಟರಿಂಗ್ ಆಫ್ ಮಾಡಿದ ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ರೆಕಾರ್ಡ್ ಮಾಡುತ್ತೇನೆ. ಆ ಫೈಲನ್ನು ಆಡಾಸಿಟಿಯಲ್ಲಿ ತೆರೆದು ಸ್ಪೆಕ್ಟ್ರೋಗ್ರಾಂ ನೋಟಕ್ಕೆ ಬದಲಾಯಿಸಿದರೆ ಟೋನ್ ಒಂದು ಅಡ್ಡಗೆರೆಯಾಗಿ ಕಾಣುತ್ತದೆ. ಟಿಕ್ ಬಂದಲ್ಲೆಲ್ಲ ಕೆಳಗಿನಿಂದ ಮೇಲಿನವರೆಗೆ ಉದ್ದಗೆರೆ. ಕಿವಿ ತಪ್ಪಿಸಿಕೊಂಡದ್ದೂ ಕಣ್ಣಿಗೆ ಬೀಳುತ್ತದೆ, ಬಂದ ಹೊತ್ತೂ ಸಿಗುತ್ತದೆ. ಒಂದು ಬದಲಾವಣೆ, ಒಂದು ಟೆಸ್ಟ್. ಎರಡನ್ನು ಒಟ್ಟಿಗೆ ಬದಲಾಯಿಸಿ ಸರಿಹೋದರೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ ಅಲ್ವಾ?

ಫೋನ್ ಮಾಡಿದ್ದವರಿಗೂ ಇದನ್ನೇ ಹೇಳಿದ್ದೆ. ಮಾರನೇ ದಿನ ಹಾಳೆಯ ಫೋಟೋ ಬಂತು. 1:47, 3:34, 5:20, 7:07. ಟಿಕ್ ಟಿಕ್‌ಗಳ ನಡುವೆ 106, 107 ಸೆಕೆಂಡ್. ಗಡಿಯಾರದ ಹಾಗೆ. ಪ್ಲಗ್‌ಇನ್, ಸಡಿಲ ಕೇಬಲ್ ಎರಡೂ ಸಾಮಾನ್ಯವಾಗಿ ಇಷ್ಟು ಶಿಸ್ತಾಗಿ ತೊಂದರೆ ಕೊಡುವುದಿಲ್ಲ.

"ಕೇಬಲ್ ಸುತ್ತಿ ಹಾಕಿದ್ರಾ?" ಅಂತ ಕೇಳಿದೆ.

"ಇಲ್ಲ ಸಾರ್. ಫೋನಲ್ಲಿ ಟೋನ್ ಹಾಕಿ ಮೈಕ್ ಮುಂದೆ ಇಟ್ಟೆ. ನನ್ ಮೈಕ್ ಇಂಟರ್ಫೇಸಿಗೆ ಹೋಗಲ್ಲ, ಅದು ನೇರ ಯುಎಸ್‌ಬಿ. ಏಸಿಯೋ ಫಾರ್ ಆಲ್‌ನಲ್ಲಿ ಎರಡನ್ನೂ ಸೇರಿಸಿದೀನಿ."

ಅಲ್ಲಿಗೆ ಮುಗಿಯಿತು. ಏಸಿಯೋ ಫಾರ್ ಆಲ್ ಅನ್ನುವುದು ಬೇರೆ ಬೇರೆ ಆಡಿಯೋ ಸಾಧನಗಳನ್ನು ಒಂದೇ ಡ್ರೈವರ್ ಕೆಳಗೆ ತರುವ ಪ್ರೋಗ್ರಾಂ. ಪ್ರತಿ ಆಡಿಯೋ ಸಾಧನದೊಳಗೂ ಸ್ಯಾಂಪಲ್‌ಗಳಿಗೆ ತಾಳ ಹಾಕುವ ಅದರದೇ ಕ್ಲಾಕ್ ಇರುತ್ತದೆ. ಎರಡೂ 48,000 ಅಂದರೂ ಯಾವುದೂ ಕರಾರುವಾಕ್ಕಾಗಿ 48,000 ಇರುವುದಿಲ್ಲ. ಎರಡರ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದೆ ಅಂದುಕೊಳ್ಳಿ. ಸೆಕೆಂಡಿಗೆ 2.4 ಸ್ಯಾಂಪಲ್ ಹೆಚ್ಚುಕಡಿಮೆ. ಅದು ಕೂಡುತ್ತಾ ಕೂಡುತ್ತಾ 256 ಆಗಲು 107 ಸೆಕೆಂಡ್ ಬೇಕು. ಆಗ ಒಂದು ಬಫರ್ ತುಂಬಿ ಚೆಲ್ಲುತ್ತದೆ ಇಲ್ಲವೇ ಬರಿದಾಗುತ್ತದೆ. ಟಿಕ್. ಬಫರ್ 1024 ಮಾಡಿದಾಗ ಕಡಿಮೆ ಆಯಿತು ಅನ್ನಿಸಿದ್ದೂ ಇದಕ್ಕೇ. 1024 ಕೂಡಲು ಏಳು ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ಒಂದು ಹಾಡೇ ಮುಗಿದಿರುತ್ತದೆ. ಒಂದೇ ಇಂಟರ್ಫೇಸ್ ಇದ್ದೂ ಟಿಕ್ ಲೆಕ್ಕಕ್ಕೆ ಸರಿಯಾಗಿ ಬರುತ್ತಿದ್ದರೆ ಅದರ ಕ್ಲಾಕ್ ಸೋರ್ಸ್ ನೋಡಿ. ಹಿಂದೆ ಏನೂ ಸಿಕ್ಕಿಸದೆ, ಹೊರಗಿನ ಡಿಜಿಟಲ್ ಸಾಧನದ ಕ್ಲಾಕ್ ಹಿಡಿಯುವ ಎಡಾಟ್ ಅಥವಾ ಎಸ್‌ಪಿಡಿಫ್ ಅಂತ ಇಟ್ಟಿದ್ದರೆ ಇಂಟರ್ನಲ್ ಮಾಡಿ. ಮ್ಯಾಕ್‌ನಲ್ಲಿ ಎರಡು ಸಾಧನ ಸೇರಿಸಿ ಅಗ್ರಿಗೇಟ್ ಮಾಡುವವರಿಗೆ ಆಡಿಯೋ ಮಿಡಿ ಸೆಟಪ್ ಒಳಗೆ ಡ್ರಿಫ್ಟ್ ಕರೆಕ್ಷನ್ ಅನ್ನುವ ಟಿಕ್ ಗುರುತು ಇದೆ. ಈ ಟಿಕ್ ಬೇಕಾದದ್ದು.

ಅವರ ಹತ್ತಿರ ಹಳೆಯ ಎಕ್ಸ್‌ಎಲ್‌ಆರ್ ಮೈಕ್ ಒಂದು ಡಬ್ಬದಲ್ಲಿ ಬಿದ್ದಿತ್ತು. ಅದನ್ನು ಇಂಟರ್ಫೇಸಿಗೆ ಹಾಕಿ, ತಯಾರಿಸಿದವರ ಡ್ರೈವರ್ ಆರಿಸಿ, ಬಫರ್ 128ಕ್ಕೆ ಇಳಿಸಲು ಹೇಳಿದೆ. ರಾತ್ರಿ ಸ್ಪೆಕ್ಟ್ರೋಗ್ರಾಂ ಚಿತ್ರ ಕಳಿಸಿದರು. ಮೂವತ್ತು ನಿಮಿಷ, ಒಂದೇ ಅಡ್ಡಗೆರೆ. ಅದರ ಜೊತೆಗೆ ಒಂದು ಸಾಲು: "ಯುಎಸ್‌ಬಿ ಮೈಕೇ ಸೌಂಡ್ ಚೆನ್ನಾಗಿತ್ತು ಸಾರ್."